ಶುಕ್ರವಾರದ ಸಂಗೀತ, ಮುನಿಯಪ್ಪನ ತಮಟೆ

ಕಾಲೇಜುಗಳಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ ನಡೆಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಮತ್ತಿಗಿರಿಯ ಮನೆಗೆ ಬರುತ್ತಾರೆ. ಕಲಾವಿದರನ್ನು ಒಪ್ಪಿಸುವುದು ಹೇಗೆ, ಮೈಕು ಎಲ್ಲಿಡಬೇಕು, ಮೇಲಿನವರ ಹತ್ತಿರ ಸಹಿ ಹಾಕಿಸುವುದು ಹೇಗೆ ಎಂದೆಲ್ಲ ಕೇಳುತ್ತಾರೆ. ಗೊತ್ತಿರುವಷ್ಟು ಹೇಳಿಕೊಡುತ್ತೇನೆ. ಕಾಫಿ ಕುಡಿದು, ಕಾಲಿಗೆ ಬಿದ್ದು ಹೋಗುತ್ತಾರೆ. ಅವರು ಗೇಟು ದಾಟಿದ ಮೇಲೆ, ನಿಜವಾಗಿ ಹೇಳಬೇಕಾದದ್ದನ್ನು ಇವತ್ತೂ ಹೇಳಲಿಲ್ಲವಲ್ಲ ಅನ್ನಿಸುತ್ತದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಓದಿದವರಿಗೆ ಹುರುಪು ಬರಲಿಕ್ಕಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಾನು ಸಂಗೀತ ಕಲಿತವಳಲ್ಲ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯದ ಸಹಾಯಕಿಯಾಗಿದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಸುತ್ತಲೂ ಕಾರ್ಖಾನೆಗಳು ಏಳುತ್ತಿದ್ದವು, ನಮ್ಮಲ್ಲಿ ಕಟ್ಟಡಗಳು ಏಳುತ್ತಿದ್ದವು. ಪ್ರತಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ವಿದ್ಯಾರ್ಥಿಗಳಿಗೆ ಒಂದೊಂದು ಬಗೆಯ ಸಂಗೀತವನ್ನು ಎದುರಿಗೇ ಕೇಳಿಸಬೇಕು ಅಂತ ಯಾರೋ ದೊಡ್ಡವರು ಸಭೆಯಲ್ಲಿ ಹೇಳಿದರಂತೆ. ನಡೆಸುವವರು ಯಾರು ಎಂಬ ಪ್ರಶ್ನೆ ಬಂದಾಗ, ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತು ಅನ್ನುವ ಹಾಗೆ ಕೆಲಸ ಒಬ್ಬರಿಂದೊಬ್ಬರಿಗೆ ಇಳಿಯುತ್ತಾ ಬಂದು ನನ್ನ ಮೇಜಿನ ಮೇಲೆ ಕೂತಿತು. ನನಗಿದ್ದ ಅರ್ಹತೆ ಒಂದೇ. ಗಡಿಯೂರು ಡೆಂಕಣಿಕೋಟೆಯಲ್ಲಿ ಹುಟ್ಟಿದ್ದರಿಂದ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಜಗಳ ಆಡಬಲ್ಲೆ.

ಮೊದಲ ಶುಕ್ರವಾರ ವೀಣೆ. ನುಡಿಸಿದ ಹೆಂಗಸು ಎಪ್ಪತ್ತು ದಾಟಿದವರು. ಐನೂರು ಕುರ್ಚಿಯ ಹಾಲಿನಲ್ಲಿ ಹನ್ನೊಂದು ಜನ ಇದ್ದೆವು. ಅದರಲ್ಲಿ ಇಬ್ಬರು ಎಲೆಕ್ಟ್ರಿಷಿಯನ್ನರು. ಮುಗಿದ ಮೇಲೆ ಆಕೆ ವೀಣೆಗೆ ಗವಸು ಹಾಕುತ್ತಾ, “ಪರವಾಗಿಲ್ಲಮ್ಮ, ಹನ್ನೊಂದು ಒಳ್ಳೇ ಸಂಖ್ಯೆ” ಅಂದರು. ಆ ಮಾತಿಗೆ ನನಗೆ ಅಳು ಬಂತು.

ಸೋಮವಾರ ರಿಜಿಸ್ಟ್ರಾರ್ ಕರೆಸಿದರು. ಕೆಟ್ಟವರಲ್ಲ, ಆದರೆ ಜಗತ್ತಿನಲ್ಲಿ ಎಣಿಸಲಿಕ್ಕೆ ಬಾರದ್ದು ಯಾವುದೂ ಇಲ್ಲ ಅಂತ ನಂಬಿದ್ದ ಮನುಷ್ಯ. “ಹಾಲ್ ನಿರೈಯಣುಂ, ಅವ್ವಳವುದಾನ್” ಅಂದರು. ಹಾಲ್ ತುಂಬಬೇಕು, ಅಷ್ಟೇ. ಹೇಗೆ ಅಂತ ಅವರು ಹೇಳಲಿಲ್ಲ. ಹೇಳಿದ್ದು ನಾನು. “ಹಾಜರಿ ಹಾಕಿಸೋಣ ಸಾರ್. ಶುಕ್ರವಾರದ ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ನೋಟಿಸ್ ಹಾಕಿ.” ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮುಂದಿನ ಶುಕ್ರವಾರ ಹಾಲ್ ತುಂಬಿತು. ಮೊದಮೊದಲು ಆರಂಭದಲ್ಲೇ ಸಹಿ ಮಾಡಿಸುತ್ತಿದ್ದೆ. ಸಹಿ ಮಾಡಿ ಹಿಂದಿನ ಬಾಗಿಲಿಂದ ಹೋಗುತ್ತಿದ್ದರು. ಆಮೇಲೆ ಕೊನೆಯಲ್ಲಿ ಮಾಡಿಸಲು ಶುರುಮಾಡಿದೆ, ಬಾಗಿಲಿಗೆ ಕಾವಲಿನವನನ್ನು ನಿಲ್ಲಿಸಿದೆ. ಕಾರ್ಯಕ್ರಮ ಮುಗಿಯುತ್ತಿದ್ದಂತೆ ಮೈಕು ಹಿಡಿದು ಮೂರು ಭಾಷೆಯಲ್ಲೂ ಒಂದೇ ಮಾತು ಕೂಗುವುದು ನನ್ನ ವಾರದ ವ್ರತವಾಯಿತು: ಯಾರೂ ಏಳಬೇಡಿ, ಹಾಜರಿ ಇನ್ನೂ ಆಗಿಲ್ಲ.

ಆ ವರ್ಷಗಳಲ್ಲಿ ಯಾರು ಯಾರು ಬಂದು ಹೋದರು! ಹರಿಕಥೆಯ ದಾಸರು, ದರ್ಗಾದ ಮುಂದೆ ದಫ್ ಬಡಿದು ಹಾಡುವ ಫಕೀರರು, ಚರ್ಚಿನ ಹಾಡಿನ ತಂಡ, ನಾಗಸ್ವರದ ಅಣ್ಣತಮ್ಮಂದಿರು, ನಮ್ಮದೇ ಹುಡುಗರ ಗಿಟಾರ್ ಬ್ಯಾಂಡು. ಕಾಗದದ ಮೇಲೆ ನೋಡಿದರೆ ಕಣ್ಣು ತುಂಬುತ್ತದೆ. ಹಾಲಿನಲ್ಲಿ ಮಾತ್ರ ಕೋಣನ ಮುಂದೆ ಕಿನ್ನರಿ. ಮಕ್ಕಳನ್ನು ಕೋಣ ಅನ್ನುತ್ತಿಲ್ಲ. ಕಟ್ಟಿ ಹಾಕಿದರೆ ಯಾರಾದರೂ ಕೋಣವೇ ಆಗುತ್ತಾರೆ. ಕಟ್ಟಿದವಳು ನಾನು.

ಮುನಿಯಪ್ಪ ಬಂದದ್ದು ಎರಡನೆಯ ವರ್ಷ. ಕೆಲಮಂಗಲದ ಹತ್ತಿರದ ಒಂದು ಕೇರಿಯವನು, ಐದು ಜನರ ತಮಟೆ ತಂಡದ ಯಜಮಾನ. ಎಲುಬು ಚರ್ಮದ ಆಳು, ಬಿಳಿ ಮೀಸೆ. ನಾನು ಹುಟ್ಟಿದ ಮನೆಯಲ್ಲಿ ತಮಟೆಯವರು ಅಂದರೆ ಬೀದಿಯ ಆಚೆ ನಿಲ್ಲುವವರು. ಅದನ್ನು ತೊಳೆದುಕೊಳ್ಳಬೇಕು ಅಂತ ನನಗೆ ಹಟವಿತ್ತು. ಬೆಳಿಗ್ಗೆ ಹತ್ತು ಗಂಟೆಗೇ ಬಂದ ಆ ಐವರನ್ನು ಅತಿಥಿಗಳ ಏಸಿ ಕೋಣೆಯಲ್ಲಿ ಕೂರಿಸಿದೆ. ತಿಂಡಿ, ಊಟ ಅಲ್ಲಿಗೇ ತರಿಸಿದೆ. ತಮಟೆಗಳನ್ನು ಸೋಫಾದ ಮೇಲೆ ಇಡಿಸಿದೆ.

ಮೂರು ಗಂಟೆಗೆ ವೇದಿಕೆ ಹತ್ತಿ ಮುನಿಯಪ್ಪ ಕೋಲು ಹಾಕಿದ. ನೆಂದ ರಟ್ಟು ಬಡಿದ ಹಾಗೆ ಕೇಳಿಸಿತು. ತಮಟೆಯ ಚರ್ಮ ತಣ್ಣಗಿದ್ದರೆ ಸಡಿಲವಾಗುತ್ತದೆ, ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು. ಅಂಥದ್ದನ್ನು ನಾನು ಐದು ಗಂಟೆ ಏಸಿಯಲ್ಲಿ ಇಟ್ಟಿದ್ದೆ. ಹುಡುಗರು ನಕ್ಕರು. ಮುನಿಯಪ್ಪ ಕೆಳಗಿಳಿದು ಬಂದು ಮೆಲ್ಲಗೆ ಅಂದ: “ನೀವು ಮಾಡಿದ ಮರ್ಯಾದೇನೇ ನಮ್ ತಮಟೇನ ಸಾಯಿಸ್ಬುಡ್ತು ಮೇಡಮ್ಮ. ಒಂದೀಟು ಉಲ್ಲು, ಒಂದು ಬೆಂಕಿಪೊಟ್ಣ ಕೊಟ್ಟಿದ್ರೆ ಸಾಕಾಗಿತ್ತು.”

ಬೆಂಕಿ ಹಾಕಲು ಆವರಣದಲ್ಲಿ ಅನುಮತಿ ಇರಲಿಲ್ಲ. ಮುಂದಿನ ಸಲ ಕ್ಯಾಂಟೀನಿನ ಹಿಂದೆ, ರದ್ದಿ ಸುರಿಯುವ ಜಾಗದಲ್ಲಿ ಕಳ್ಳತನದಿಂದ ಒಲೆ ಹೂಡಿಸಿಕೊಟ್ಟೆ. ಹೊಸಬರೇ, ಒಂದು ಮಾತು ನೆನಪಿಡಿ. ಕಲಾವಿದರಿಗೆ ಏನು ಬೇಕು ಅಂತ ಅವರನ್ನು ಕೇಳಿ. ನಿಮ್ಮ ಮನಸ್ಸಿನ ಪಾಪ ತೊಳೆಯಲು ಏನು ಬೇಕೋ ಅದನ್ನು ಅವರ ಮೇಲೆ ಹೇರಬೇಡಿ.

ಆ ಎರಡನೆಯ ಸಲವೇ ಕರೆಂಟು ಹೋಯಿತು. ತಮಟೆಗೆ ಮುಂಚೆ ಇಟ್ಟಿದ್ದ ಹುಡುಗರ ಬ್ಯಾಂಡು ಶುರುವಾಗಿ ಐದು ನಿಮಿಷವಾಗಿತ್ತು. ಗಿಟಾರುಗಳು ಮೂಕವಾದವು, ಜನರೇಟರ್ ಎಂದಿನಂತೆ ಕೆಟ್ಟಿತ್ತು. ಹಾಲಿನಲ್ಲಿ ಶಿಳ್ಳೆ, ಗಲಾಟೆ. ನಾನು ಕ್ಯಾಂಟೀನಿನ ಹಿಂದಕ್ಕೆ ಓಡಿದೆ. ಮುನಿಯಪ್ಪನ ತಂಡ ಕಾಯಿಸುತ್ತಿದ್ದ ತಮಟೆಗಳನ್ನು ಹೆಗಲಿಗೇರಿಸಿಕೊಂಡು ಹೊರಗಿಂದಲೇ ಬಾರಿಸುತ್ತಾ ಒಳಗೆ ಬಂತು. ಅವರಿಗೆ ಮೈಕೂ ಬೇಡ, ದೀಪವೂ ಬೇಡ. ಬಾಗಿಲುಗಳನ್ನೆಲ್ಲ ತೆರೆದಿದ್ದೆವು, ಯಾರು ಬೇಕಾದರೂ ಎದ್ದು ಹೋಗಬಹುದಿತ್ತು. ಮುಕ್ಕಾಲು ಗಂಟೆ ಒಬ್ಬರೂ ಹೋಗಲಿಲ್ಲ. ಬ್ಯಾಂಡಿನ ಡ್ರಮ್ಮಿನ ಹುಡುಗ ಮುನಿಯಪ್ಪನ ಕೈಯನ್ನೇ ನೋಡುತ್ತಾ ನಿಂತುಬಿಟ್ಟಿದ್ದ. ಅವತ್ತು ಹಾಜರಿ ಹಾಕಿಸುವುದನ್ನು ನಾನು ಮರೆತೆ. ಹತ್ತು ವರ್ಷದ ನನ್ನ ಕೆಲಸದಲ್ಲಿ ನಿಜವಾದ ಸಂಗೀತ ನಡೆದದ್ದು ಆ ಒಂದು ಮಧ್ಯಾಹ್ನ.

ಅವತ್ತು ಬಸ್ಸಿಗೆ ಕಾಯುತ್ತಾ ಮುನಿಯಪ್ಪ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ.

“ಮೇಡಮ್ಮ, ನಂಗೊಂದು ಆಸೆ ಐತೆ. ಇಷ್ಟು ಮಕ್ಳವ್ರಲ್ಲ, ಅದ್ರಾಗೆ ಒಬ್ರುನ್ನ ಕೊಡಿ. ಕಲುಸ್ತೀನಿ.”

“ನಿನ್ನ ಮಗ ಇದ್ದಾನಲ್ಲ ಮುನಿಯಪ್ಪ?”

“ಅವ್ನು ಮುಟ್ಟಲ್ಲ. ಕಂಡೋರ ಎಣದ ಮುಂದೆ ನಾನು ಕುಣಿಯಾಕಿಲ್ಲ ಅಂತಾನೆ. ತಪ್ಪು ಅನ್ನಾಕಾಯ್ತದಾ? ನಮ್ಮೋರ ಮಕ್ಳು ಕಲಿತ್ರೆ ಅದು ಚಾಕ್ರಿ ಆಯ್ತದೆ. ನಮ್ಮೋರಲ್ದೋರು ಒಬ್ರು, ಒಬ್ರೇ ಒಬ್ರು, ಕುಂತ್ಕಂಡು ಕಲೀಲಿ. ಆಗ ಇದು ವಿದ್ಯೆ ಆಯ್ತದೆ. ನನ್ ಮಗ್ನೂ ಅದ್ನ ನೋಡ್ತಾನೆ.”

ಇದಕ್ಕಿಂತ ದೊಡ್ಡ ಮಾತನ್ನು ಯಾವ ವಿಚಾರ ಸಂಕಿರಣದಲ್ಲೂ ನಾನು ಕೇಳಿಲ್ಲ. “ಒಬ್ಬರನ್ನು ಕೊಡುತ್ತೇನೆ, ಇದು ನನ್ನ ಮಾತು” ಅಂದೆ. ಮಾತು ಕೊಡುವುದು ಎಷ್ಟು ಸುಲಭ ನೋಡಿ. ಬಸ್ಸು ಬಂತು, ಅವನು ಹತ್ತಿದ.

ಒಂದು ವರ್ಷವಾದರೂ ಯಾರೂ ಸಿಗಲಿಲ್ಲ. ಆ ಡ್ರಮ್ಮಿನ ಹುಡುಗನೂ “ನೋಡ್ತೀನಿ ಮೇಡಂ” ಅಂದವನು ಆ ಕಡೆ ತಲೆ ಹಾಕಲಿಲ್ಲ. ಮುನಿಯಪ್ಪ ಯಾವಾಗ ಬಂದರೂ ಮೊದಲು ಕೇಳುತ್ತಿದ್ದದ್ದು, “ಸಿಕ್ಕುದ್ರಾ ಮೇಡಮ್ಮ?”

ಅದರ ನಡುವೆ ಮೇಲಿನಿಂದ ಹೊಸ ಆಜ್ಞೆ ಬಂತು. ಪರಿಶೀಲನೆಗೆ ತಂಡ ಬರುತ್ತದೆ, ಎಲ್ಲ ಕಾರ್ಯಕ್ರಮಗಳ ಧ್ವನಿಮುದ್ರಣ ಇರಬೇಕು. ಅಲ್ಲಿಯವರೆಗೆ ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಕ್ಯಾಸೆಟ್ ರೆಕಾರ್ಡರು. ಈಗ ಕಂಪ್ಯೂಟರು, ಒಳ್ಳೆಯ ಮೈಕುಗಳು, ಸೀಡಿ ಮಾಡುವ ಯಂತ್ರ ಬಂದವು. ಹೊಸ ಸಾಮಾನು ಕೈಗೆ ಬಂದರೆ ಮನುಷ್ಯನಿಗೆ ದುರಾಸೆ ಬರುತ್ತದೆ. ತಮಟೆಯಲ್ಲಿ ದೇವರಿಗೆ ಒಂದು ಹೊಡೆತ, ಮದುವೆಗೆ ಒಂದು, ಸಾವಿಗೆ ಒಂದು. ಮೊದಲ ಎರಡನ್ನೂ ಮುನಿಯಪ್ಪ ಬಾರಿಸಿದ್ದ. ಸಾವಿನ ಹೊಡೆತವನ್ನು ಎಷ್ಟು ಕೇಳಿದರೂ ಬಾರಿಸಿರಲಿಲ್ಲ.

“ಎಣ ಇಲ್ದೆ ಅದ್ನ ಒಡೀಬಾರ್ದು ಕಣಮ್ಮ. ಒಡುದ್ರೆ ಅದು ಎಣ ಕೇಳ್ತದೆ.”

“ಇದು ದಾಖಲೆಗೆ ಮುನಿಯಪ್ಪ. ಮುಂದೆ ಕಲಿಯುವವರಿಗೆ ಬೇಡವಾ?”

ಕಲಿಯುವವರು ಅನ್ನುವ ಮಾತನ್ನು ಬೇಕೆಂದೇ ಬಳಸಿದೆ. “ನೀವು ಒಬ್ರುನ್ನ ಕೊಡ್ತೀನಿ ಅಂದಿದೀರ. ಅದುಕ್ಕೋಸ್ಕರ ಒಡೀತೀನಿ” ಅಂದ. ಒಂದು ಉದ್ದನೆಯ ಕಲ್ಲು ಕೇಳಿದ. ತೋಟದಿಂದ ತರಿಸಿಕೊಟ್ಟೆ. ಅದನ್ನು ವೇದಿಕೆಯ ಮಧ್ಯೆ ಬಾಳೆಲೆಯ ಮೇಲೆ ಮಲಗಿಸಿ, ತನ್ನ ಹೆಗಲ ಟವೆಲ್ ಹೊದಿಸಿ, ಕೈ ಮುಗಿದು, ಆ ಕಲ್ಲಿನ ಮುಂದೆ ಸಾವಿನ ಹೊಡೆತ ಬಾರಿಸಿದ. ಕೇಳುತ್ತಾ ನನ್ನ ತಾಯಿ ನೆನಪಾದರು. ಕೊನೆಯ ಪೆಟ್ಟು ಇನ್ನೂ ಗಾಳಿಯಲ್ಲಿರುವಾಗಲೇ ಹಿಂದಿನ ಸಾಲುಗಳಲ್ಲಿ ಹುಡುಗರು ಚೀಲ ಎತ್ತಿಕೊಂಡು ಎದ್ದರು. ನಾನು ಎಂದಿನಂತೆ ಮೈಕು ಹಿಡಿದೆ, ಎಂದಿನ ಮಾತನ್ನು ಮೂರು ಸಲ ಕೂಗಿದೆ.

ಮುಂದಿನ ಜೂನಿನಲ್ಲಿ ಹೇಮಾ ಸಿಕ್ಕಳು. ಬಿ.ಕಾಂ. ಎರಡನೆಯ ವರ್ಷ, ಮಾತು ಕಡಿಮೆ. ಅವಳಾಗಿಯೇ ಬಂದು, “ಮೇಡಂ, ತಮಟೆ ಕಲೀಬೇಕು” ಅಂದಳು. ನಾನು ಅವಳನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಬುಧವಾರ ಬುಧವಾರ ಮುನಿಯಪ್ಪ ಬಸ್ಸು ಹಿಡಿದು ಬರತೊಡಗಿದ. ಒಗೆದ ಅಂಗಿ ಹಾಕಿಕೊಂಡು, ಮೀಸೆ ತೀಡಿಕೊಂಡು. ಗ್ರಂಥಾಲಯದ ಹಿಂದಿನ ಖಾಲಿ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಎಡಗೈಯಲ್ಲಿ ತೆಳು ಕೋಲು, ಬಲಗೈಯಲ್ಲಿ ಗಿಡ್ಡ ಕೋಲು. ನಾನು ಪುಸ್ತಕ ಜೋಡಿಸುತ್ತಾ ಅವನು ಅವಳನ್ನು ಗದರಿಸುವುದನ್ನು ಕೇಳಿ ಸುಖಪಡುತ್ತಿದ್ದೆ. “ಕೈ ಅಲ್ಲ ಮಗ, ಮಣಿಕಟ್ಟು. ತಮಟೆ ನಿನ್ ಶತ್ರು ಅಲ್ಲ ಕಣವ್ವ!” ಐದು ಬುಧವಾರ ಹೀಗೆ ನಡೆಯಿತು.

ಆರನೆಯ ಬುಧವಾರ ಅವಳ ತಂದೆ ಬಂದರು. ತುಮಕೂರಿನ ಕಡೆಯಿಂದ ಬಂದು ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಮನೆ ಮತ್ತಿಗಿರಿಯಲ್ಲಿ, ನಮ್ಮ ಬೀದಿಯಿಂದ ಎರಡನೆಯ ಬೀದಿ. ಶಿಫ್ಟು ಮುಗಿಸಿ ಹಾಗೆಯೇ ಬಂದಿದ್ದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆನೇನೋ.

“ಮೇಡಂ, ನೀವೂ ನಮ್ಮ ಕಡೆಯೋರೇ. ನಿಮಗೆ ಹೇಳ್ಬೇಕಾ? ಭರತನಾಟ್ಯ ಕಲೀಲಿ, ವೀಣೆ ಕಲೀಲಿ, ನಾನೇ ಸೇರಿಸ್ತೀನಿ. ಸಾವಿನ ಮನೆ ವಾದ್ಯ ಮಗಳ ಕೈಯಾಗೆ ಅಂತ ನಾಳೆ ಗಂಡಿನ ಕಡೆಯೋರ ಕಿವಿಗೆ ಬಿದ್ರೆ ನಾನೇನ್ ಮಾಡ್ಲಿ? ನಿಮ್ಮ ಮಗಳಾಗಿದ್ರೆ ಬಿಡ್ತಿದ್ರಾ?”

ಏನೆಲ್ಲ ಹೇಳಬಹುದಿತ್ತು. ಅವಳು ಕಲಿಯುತ್ತಿರುವುದು ವಿದ್ಯೆ ಅನ್ನಬಹುದಿತ್ತು. ನನ್ನ ಮಗಳಾಗಿದ್ದರೆ ಬಿಡುತ್ತಿದ್ದೆ ಅನ್ನಬಹುದಿತ್ತು. ಆದರೆ ಆ ಪ್ರಶ್ನೆಗೆ ನನ್ನ ಎದೆಯಲ್ಲಿ ಬಂದ ಉತ್ತರ ಬೇರೆ ಇತ್ತು. ಅದಕ್ಕೇ ನಾಲಗೆ ತೊದಲಿತು. “ಅಯ್ಯೋ, ಕಲಿಯೋದು ಅಂತೇನಿಲ್ಲ ಸಾರ್. ಒಂದು ಸರ್ವೇ ಮಾಡ್ತಿದ್ಲು, ಪ್ರಾಜೆಕ್ಟಿಗೆ. ಅದೂ ಮುಗೀತು” ಅಂದೆ.

ಅವರು ಸಮಾಧಾನವಾಗಿ ತಿರುಗಿದರು. ಬಾಗಿಲಲ್ಲಿ ಮುನಿಯಪ್ಪ ನಿಂತಿದ್ದ. ಕಾಯಿಸಿ ತಂದ ಎರಡು ತಮಟೆ ಹೆಗಲಲ್ಲಿದ್ದವು, ಅವನದೊಂದು, ಹೇಮಾಳದೊಂದು. ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟ. ಆಮೇಲೆ ನನ್ನನ್ನು ನೋಡಿದ. ಕೋಪವಿರಲಿಲ್ಲ. ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು.

“ಓಗ್ಲಿ ಬುಡಿ ಮೇಡಮ್ಮ. ಆ ಮಗಿನ್ ತಪ್ಪಿಲ್ಲ.” ತಮಟೆಗಳನ್ನು ಕೆಳಗಿಳಿಸುತ್ತಾ, “ಒಂದ್ ಮಾತು ಕೇಳ್ಲಾ? ಬ್ಯಾರೆಯೋರ ಮಕ್ಳು ಯಾಕೆ? ನೀವೇ ಕಲ್ತ್ಕಳಿ. ನೀವೂ ನಮ್ಮೋರಲ್ಲ ತಾನೇ?”

ನಾನು ನಕ್ಕುಬಿಟ್ಟೆ. “ಈ ವಯಸ್ಸಿನಲ್ಲಾ ಮುನಿಯಪ್ಪ! ಮಂಡಿ ನೋವಿನವಳು ನಾನು.” ಅವನೂ ನಕ್ಕ. ತಮಟೆ ಬಾರಿಸಲು ಮಂಡಿ ಯಾಕೆ ಬೇಕು ಅಂತ ಅವನು ಕೇಳಲಿಲ್ಲ, ದೊಡ್ಡ ಮನುಷ್ಯ. ಐದು ವಾರ ಹತ್ತು ಹೆಜ್ಜೆ ದೂರದಲ್ಲಿ ಪುಸ್ತಕ ಜೋಡಿಸುತ್ತಾ ಕೇಳಿದ್ದೆ. ಒಂದು ದಿನವೂ ಆ ಚಾಪೆಯ ಮೇಲೆ ಹೋಗಿ ಕೂರಬೇಕು ಅನ್ನಿಸಿರಲಿಲ್ಲ.

ತಪ್ಪು ಮಾಡಿದವರಿಗೆ ಏನಾದರೂ ಕೊಟ್ಟು ಕೈ ತೊಳೆದುಕೊಳ್ಳುವ ಅವಸರ ಇರುತ್ತದೆ. ಮುನಿಯಪ್ಪನ ತಮಟೆಯ ಧ್ವನಿಮುದ್ರಣದ ಹತ್ತು ಸೀಡಿ ಮಾಡಿಸಿ, ಮೇಲೆ ಅವನ ಹೆಸರು ಅಚ್ಚು ಹಾಕಿಸಿ ಕೊಟ್ಟೆ. ಕೊನೆಯಲ್ಲಿದ್ದ ನನ್ನ ಹಾಜರಿಯ ಕೂಗನ್ನು ಕತ್ತರಿಸಿ ಅಂತ ಕಂಪ್ಯೂಟರಿನವರಿಗೆ ಹೇಳಿದ್ದೆ. ಮಾಡಿದರೋ ಇಲ್ಲವೋ ನೋಡಲಿಲ್ಲ. ಅವನು ಆ ಸೀಡಿಗಳನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬೇಕಾದವರಿಗೆಲ್ಲ ಹಂಚಿದ.

ಅದರಲ್ಲಿ ಒಂದು ಒಬ್ಬ ಸೌಂಡ್ ಸೆಟ್ ಬಾಡಿಗೆಗೆ ಕೊಡುವವನ ಕೈ ಸೇರಿತು. ಎರಡು ವರ್ಷದೊಳಗೆ ಆ ಸುತ್ತಿನಲ್ಲಿ ಯಾರು ಸತ್ತರೂ ಒಂದು ಟೆಂಪೋ, ಎರಡು ಸ್ಪೀಕರು, ಮುನಿಯಪ್ಪನ ಸಾವಿನ ಹೊಡೆತ. ಐದು ಜನರನ್ನು ಕರೆಸಿ, ಊಟ ಹಾಕಿ, ಬೆಂಕಿ ಹೂಡಿಸುವ ತಾಪತ್ರಯ ಯಾರಿಗೆ ಬೇಕು? ತಂಡದ ನಾಲ್ಕು ಜನ ಒಬ್ಬೊಬ್ಬರಾಗಿ ಕಾರ್ಖಾನೆಗಳ ದಿನಗೂಲಿಗೆ ಹೋದರು. ಹೊಸೂರಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಮುನಿಯಪ್ಪನ ಮಗ ವೆಂಕಟೇಶ ಸಿಕ್ಕ. ನಾನು ತಲೆ ತಗ್ಗಿಸಿ ಸೀಡಿಯ ವಿಷಯ ಎತ್ತಿದೆ.

“ಒಳ್ಳೇದೇ ಆಯ್ತು ಬುಡಿ ಮೇಡಂ. ಇನ್ಮೇಲೆ ನಮ್ಮಪ್ಪ ಯಾವನ ಎಣದ ಮುಂದೂ ನಿಂತ್ಕಳಂಗಿಲ್ಲ” ಅಂದ. ಆಮೇಲೆ ಬಸ್ಸಿನ ಕಡೆ ನೋಡುತ್ತಾ, “ಆದ್ರೆ ಅಪ್ಪ ಮಾತ್ರ ದಿನಾ ತಮಟೆ ಕಾಯಿಸ್ಕಂಡು ಕುಂತಿರ್ತದೆ. ಯಾರಾನಾ ಬತ್ತಾರೆ ಕಲಿಯಾಕೆ, ಮೇಡಮ್ಮ ಮಾತು ಕೊಟ್ಟವ್ರೆ, ಅಂತದೆ” ಅಂದ.

ಶುಕ್ರವಾರದ ಸಂಗೀತ ನಿಂತದ್ದು ಆಮೇಲೆ. ಹೊಸ ಪಠ್ಯಕ್ರಮದಲ್ಲಿ ಹಾಜರಿ ಕಡ್ಡಾಯ ಅನ್ನುವುದನ್ನು ತೆಗೆದರು. ಮರುವಾರ ಬಂದವರು ಏಳು ಜನ. ವೀಣೆಯ ಆಕೆಗೆ ಹನ್ನೊಂದು ಜನವಾದರೂ ಇದ್ದೆವು. ಅಷ್ಟು ವರ್ಷ ದುಡಿದು ನಾಲ್ಕು ಜನ ಕಡಿಮೆ ಮಾಡಿದ್ದೆ. ರಿಜಿಸ್ಟ್ರಾರ್ ಬೇಸರದಿಂದಲೇ ಕಡತ ಮುಚ್ಚಿದರು. ಆ ಹಾಲಿನಲ್ಲಿ ಕಂಪನಿಗಳ ಉದ್ಯೋಗ ಪರೀಕ್ಷೆಗಳು ಶುರುವಾದವು. ನಾನು ಪುಸ್ತಕಗಳ ನಡುವೆ ವಾಪಸು ಹೋಗಿ, ನಿವೃತ್ತಿಯ ದಿನ ಎಣಿಸಿದೆ. ಕೆಲಮಂಗಲಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಆ ಕಡೆ ಒಮ್ಮೆಯೂ ಹೋಗಲಿಲ್ಲ. ಹೋದರೆ ಅವನು, “ಸಿಕ್ಕುದ್ರಾ ಮೇಡಮ್ಮ?” ಅನ್ನುತ್ತಾನೆ.

ಹೋದದ್ದು ಅವನು ಸತ್ತ ದಿನ. ವೆಂಕಟೇಶನೇ ಬೆಳಿಗ್ಗೆ ಫೋನು ಮಾಡಿದ. ಹನ್ನೊಂದು ಗಂಟೆಯ ಹೊತ್ತಿಗೆ ಕೇರಿ ತಲುಪಿದೆ. ಮನೆಯ ಮುಂದೆ ಶಾಮಿಯಾನ ಹಾಕಿ, ಬೆಂಚಿನ ಮೇಲೆ ಮುನಿಯಪ್ಪನನ್ನು ಮಲಗಿಸಿದ್ದರು. ತಮಟೆಯ ಸದ್ದು ಕೇಳಿಸುತ್ತಿತ್ತು. ಒಂದು ಕ್ಷಣ ನನ್ನ ಜೀವ ಹಗುರವಾಯಿತು, ಯಾರೋ ಬಾರಿಸುತ್ತಿದ್ದಾರಲ್ಲ ಅಂತ. ತಿರುಗಿ ನೋಡಿದರೆ ಟೆಂಪೋ, ಎರಡು ಸ್ಪೀಕರು. ಅವನ ತಮಟೆ ಗೋಡೆಯ ಮೊಳೆಯಲ್ಲಿ ತಣ್ಣಗೆ ನೇತಾಡುತ್ತಿತ್ತು.

ವೆಂಕಟೇಶ ಹತ್ತಿರ ಬಂದ. ಕಣ್ಣು ಕೆಂಪಾಗಿದ್ದವು. “ತಂಡದೋರೆಲ್ಲ ಶಿಫ್ಟಲ್ಲವ್ರೆ ಮೇಡಂ, ಯಾರ್ಗೂ ಬರಾಕಾಗ್ಲಿಲ್ಲ. ಊರಿಗೆಲ್ಲ ಒಡುದೋನಿಗೆ ಒಡಿಯಾಕೆ ಒಬ್ರೂ ಇಲ್ಲ. ನಂಗಂತೂ ಬರಾಕಿಲ್ಲ. ಅಪ್ಪನ್ ಸೀಡಿನೇ ಆಕ್ಸಿಬುಟ್ಟೆ.”

ಹೆಂಗಸರ ನಡುವೆ ಹೋಗಿ ಕೂತೆ. ನನ್ನ ಎರಡು ಕೈ ಮಡಿಲಲ್ಲಿ ಬಿದ್ದಿದ್ದವು. ಕಲ್ಲಿನ ಮುಂದೆ ಬಾರಿಸಿದ್ದ ಹೊಡೆತ ಅವನ ಹೆಣದ ಮುಂದೆಯೇ ಮೊಳಗುತ್ತಾ ಮೊಳಗುತ್ತಾ ಕೊನೆಗೆ ಬಂತು. ಮುನಿಯಪ್ಪನ ಅಕ್ಕ ಇರಬೇಕು, ಒಬ್ಬ ಮುದುಕಿ ಹೆಣದ ಪಕ್ಕದಿಂದ ನೆಲಕ್ಕೆ ಕೈಯೂರಿ ಏಳುತ್ತಿದ್ದಳು.

ಕೊನೆಯ ಪೆಟ್ಟು ಬಿತ್ತು. ಅಲ್ಲಿಗೆ ನಿಲ್ಲಿಸಬೇಕಾದ ಟೆಂಪೋದವನು ಹತ್ತಿರ ಇರಲಿಲ್ಲ. ಸ್ಪೀಕರಿನಲ್ಲಿ ಕುರ್ಚಿಗಳ ಸದ್ದು, ಹುಡುಗರ ಗುಜುಗುಜು. ಆಮೇಲೆ ಒಬ್ಬ ಹೆಂಗಸು ಗಟ್ಟಿಯಾಗಿ, ಸಿಡುಕಿನಿಂದ, ತಮಿಳಿನಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಕೂಗಿದಳು: ಯಾರೂ ಏಳಬೇಡಿ, ಹಾಜರಿ ಇನ್ನೂ ಆಗಿಲ್ಲ.

ಮುದುಕಿ ಗಾಬರಿಯಾಗಿ ಇದ್ದಲ್ಲೇ ಕೂತಳು. “ಯಾರವ್ವಾ ಅದು, ಏಳ್ಬ್ಯಾಡಿ ಅಂತಿರಾದು?” ಅಂತ ಪಕ್ಕದಲ್ಲಿದ್ದ ನನ್ನನ್ನೇ ಕೇಳಿದಳು.

ನಾನು ಅಂತ ನಾನು ಹೇಳಲಿಲ್ಲ.